ಖಾಲಾಳ ರಿಪೋರ್ಟಿನ ಕೊನೆಯ ಎರಡು ಸಾಲು

ಅಂಗಡಿಯವನು ಗಾಜಿನ ಕೌಂಟರಿನ ಮೇಲಿಟ್ಟ ಪೊಟ್ಟಣ ಅಂಗೈ ಅಗಲದ್ದು. ಒಳಗೆ ಮೆತ್ತನೆಯ ಪ್ಲಾಸ್ಟಿಕ್ ಸೀಸೆ, ಅದಕ್ಕೆ ಬೆರಳುದ್ದದ ಕೊಕ್ಕು, ಕೊಕ್ಕಿನ ತುದಿಗೆ ಹಸಿರು ಟೋಪಿ. ಎತ್ತಿಕೊಂಡರೆ ಒಳಗಿನ ನೀರು ಕುಲುಕುವುದು ಕೈಗೆ ತಿಳಿಯುತ್ತಿತ್ತು.

"ಎನಿಮಾ ಮೇಡಂ. ಹೆಂಗ್ ತಗಳದು ಗೊತ್ತೈತಾ? ಒಳಗೆ ಚೀಟಿ ಐತೆ, ಇಂಗ್ಲಿಷಾಗೈತೆ," ಅಂದ.

ಗೊತ್ತು ಎಂದೆ. ಕಳೆದ ತಿಂಗಳ ಮಾತಿದು, ಚಿತ್ರದುರ್ಗದ ಆಸ್ಪತ್ರೆಯೊಂದರ ಎದುರಿನ ಅಂಗಡಿ. ನನಗೆ ಮೂರು ವಾರದಿಂದ ಮಲದ ಜೊತೆ ರಕ್ತ ಹೋಗುತ್ತಿತ್ತು. ವೈದ್ಯರು ಸಿಗ್ಮಾಯ್ಡೋಸ್ಕೋಪಿ ಮಾಡಿ ನೋಡೋಣ ಎಂದಿದ್ದರು. ಬಾಗುವ ಕೊಳವೆಯ ತುದಿಗೆ ಕ್ಯಾಮೆರಾ ಇರುತ್ತದೆ, ಅದನ್ನು ಹಿಂಭಾಗದಿಂದ ಒಳಗೆ ಬಿಟ್ಟು ಕರುಳಿನ ಕೆಳಭಾಗ ನೋಡುತ್ತಾರೆ. ಅದಕ್ಕೆ ಮೊದಲು ಆ ಸೀಸೆಯ ನೀರು ಏರಿಸಿಕೊಂಡು ಕರುಳು ತೊಳೆದುಕೊಂಡಿರಬೇಕು. ನಾಚಿಕೆ ನನಗಿಲ್ಲ, ಅಂಗಡಿಯವನ ಎದುರು ಹೆಸರು ಹಿಡಿದೇ ಕೇಳಿದ್ದೆ. ಆದರೂ ಪೊಟ್ಟಣ ಕೈಗೆ ಬಂದ ಮೇಲೆ ಅಲ್ಲಿಂದ ಕಾಲು ಕೀಳಲಾಗಲಿಲ್ಲ. ಇಂಥದ್ದೇ ಪೊಟ್ಟಣದೊಳಗಿನ ಚೀಟಿಯನ್ನು ಹತ್ತಿರ ಹತ್ತಿರ ಹದಿನೈದು ವರ್ಷದ ಹಿಂದೆ ಇನ್ನೊಬ್ಬ ಹೆಂಗಸಿಗೆ ಓದಿ ಹೇಳಿದ್ದೆ.

ಅವಳನ್ನು ನಾವೆಲ್ಲ ಖಾಲಾ ಅನ್ನುತ್ತಿದ್ದೆವು. ಅವರ ಮನೆಮಾತಿನಲ್ಲಿ ಚಿಕ್ಕಮ್ಮ ಎಂದು. ಹೊಳಲ್ಕೆರೆಯಲ್ಲಿ ನಮ್ಮ ಮನೆಗೂ ಅವಳ ಮನೆಗೂ ನಡುವೆ ಒಂದೇ ಗೋಡೆ. ಗಂಡ ಬೇಗ ತೀರಿಕೊಂಡಿದ್ದ. ಒಬ್ಬಳೇ ಮಗಳು, ನನ್ನ ವಾರಿಗೆಯವಳು, ಹಿರಿಯೂರಿಗೆ ಮದುವೆಯಾಗಿ ಹೋಗಿದ್ದಳು. ಖಾಲಾ ಹೊಲಿಗೆ ಮಾಡುತ್ತಿದ್ದಳು. ಬೀದಿಯ ಅರ್ಧ ಹೆಂಗಸರ ರವಿಕೆ ಅವಳ ಕೈಯಲ್ಲೇ ಹೊಲಿದದ್ದು. ಅಳತೆ ಟೇಪು ಕೊರಳಲ್ಲೇ ಇರುತ್ತಿತ್ತು, ಆದರೆ ಅಳೆಯುತ್ತಿದ್ದದ್ದು ಕಣ್ಣಲ್ಲಿ. "ಏನ್ರಿ, ಹೋದ ಸಲಕ್ಕಿಂತ ಎರಡು ಬೆರಳು ಜಾಸ್ತಿ ಆಗೀರಿ, ಗಂಡ ಊರಾಗಿಲ್ಲೇನು?" ಎಂದು ಬಾಗಿಲಲ್ಲೇ ನಿಲ್ಲಿಸಿ ಕೇಳುವಳು. ಬಂದವರು ಬೈದುಕೊಂಡು ನಕ್ಕು ಒಳಗೆ ಹೋಗುವರು.

ನನ್ನನ್ನು ಮಾತ್ರ ಮಿಷನ್ನಿನ ಹತ್ತಿರ ಬಿಡುತ್ತಿರಲಿಲ್ಲ. ಕಾಜಾ ಹಾಕುವುದನ್ನಾದರೂ ಕಲಿಸು ಎಂದು ನಮ್ಮವ್ವ ಕೇಳಿದ್ದಕ್ಕೆ, "ಸೂಜಿ ಹಿಡ್ದೋರು ನಮ್ ಬೀದಿಯಾಗೆ ಬೇಕಾದಷ್ಟು ಜನ ಅವ್ರೆ. ಇವ್ಳು ಪೆನ್ನು ಹಿಡೀಲಿ" ಅಂದಿದ್ದಳಂತೆ. ನಮ್ಮಪ್ಪ ಮಂಡಿಯಲ್ಲಿ ಮೂಟೆ ಹೊರುವವನು. ಅವ್ವ ಕೂಲಿ. ನಮ್ಮ ಮನೆತನದಲ್ಲಿ ಹೆಬ್ಬೆಟ್ಟು ಬಿಟ್ಟು ಸಹಿ ಮಾಡಿದವಳು ನಾನೇ ಮೊದಲು, ಡಿಗ್ರಿ ಮುಗಿಸಿದವಳೂ ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ದುಡಿದು ದಣಿದ ಮೈಯಲ್ಲಿ ಓದಿದ್ದೇನೆ, ಬೆಳಗ್ಗೆ ಅವ್ವನ ಜೊತೆ ಕೂಲಿ, ಆಮೇಲೆ ಕಾಲೇಜು. ಬಿ.ಎ. ಪಾಸಾದ ದಿನ ಖಾಲಾ ನನ್ನ ಹೆಸರನ್ನೇ ತೆಗೆದುಹಾಕಿ 'ಡಿಗ್ರಿ' ಎಂದು ಕರೆಯಲು ಶುರು ಮಾಡಿದಳು. "ಏ ಡಿಗ್ರಿ, ಬಾರೆ, ಟೀ ಕುಡ್ಕಂಡ್ ಹೋಗು."

ಅಲ್ಲಿಂದ ಬೀದಿಯ ಕಾಗದವೆಲ್ಲ ನನ್ನ ಹತ್ತಿರ ಬರತೊಡಗಿತು. ಗ್ಯಾಸಿನ ಅರ್ಜಿ, ರೇಷನ್ ಕಾರ್ಡು, ಬ್ಯಾಂಕಿನವರ ಪತ್ರ, ಆಸ್ಪತ್ರೆ ಚೀಟಿ. ನಾನು ಓದಿದ್ದು ಕನ್ನಡ ಮಾಧ್ಯಮ. ಇಂಗ್ಲಿಷ್ ಕಾಗದ ಬಂದರೆ ಅರ್ಧ ತಿಳಿಯುತ್ತಿತ್ತು, ಉಳಿದರ್ಧ ಅಂದಾಜು. ಆದರೆ ನನಗೆ ತಿಳಿಯಲಿಲ್ಲ ಎಂಬ ಮಾತು ಯಾರ ಮುಂದೂ ನನ್ನ ಬಾಯಿಂದ ಬಂದದ್ದಿಲ್ಲ. ಬೀದಿಯವರು ಅಷ್ಟು ನಂಬಿಕೆಯಿಂದ ಮುಖ ನೋಡುತ್ತ ನಿಂತಿರುವಾಗ ಹೇಗೆ ಹೇಳುವುದು? ಹಾಗೆ ಅಂದುಕೊಂಡಿದ್ದೆ. ಈಗ ಅನ್ನಿಸುತ್ತದೆ, ಹೇಳಿದ್ದರೆ ಏನೂ ಆಗುತ್ತಿರಲಿಲ್ಲ.

ರಕ್ತದ ವಿಷಯ ಖಾಲಾ ಮೊದಲು ಹೇಳಿದ್ದು ಅವ್ವನಿಗೆ, ನಲ್ಲಿಯ ಹತ್ತಿರ ಬಟ್ಟೆ ಜಾಲಿಸುವಾಗ. ಅವ್ವ ಅಲ್ಲಿಂದಲೇ ನನ್ನನ್ನು ಕೂಗಿದಳು.

"ಇವ್ಳಿಗೆ ಹೇಳು. ಓದಿದಾಳೆ."

"ಏ, ಮದ್ವೆ ಆಗದ ಹುಡ್ಗಿ ಮುಂದೆ ಅದನ್ನೆಂಗ್ ಹೇಳ್ಲಿ?"

"ರಕ್ತ ಹೋಗಾದನ್ನ ಹೇಳಾಕೆ ಮದ್ವೆ ಬೇರೆ ಆಗಿರ್ಬೇಕಾ? ನೀನ್ ಹೇಳ್ತೀಯೋ, ನಾನೇ ಹೇಳ್ಲೋ?"

ಕೊನೆಗೆ ಹೇಳಿದ್ದು ಅವ್ವನೇ. ಖಾಲಾ ಸೀರೆಯೊಂದನ್ನು ಹಿಂಡುತ್ತಲೇ ಇದ್ದಳು, ಹಿಂಡಿ ಮುಗಿದ ಮೇಲೂ. ನಾಲ್ಕು ತಿಂಗಳಿಂದ ಹೋಗುತ್ತಿತ್ತಂತೆ. ಮೂಲವ್ಯಾಧಿ ಇರಬೇಕೆಂದು ಮೂಲಂಗಿ ತಿಂದಿದ್ದಳು, ಮಜ್ಜಿಗೆ ಕುಡಿದಿದ್ದಳು, ಮಿಷನ್ನಿನ ಮುಂದಿನ ಸ್ಟೂಲಿನ ಮೇಲೆ ಹಳೇ ದಿಂಬು ಹಾಕಿಕೊಂಡಿದ್ದಳು. ನಾನು ಹೊಳಲ್ಕೆರೆಯ ಡಾಕ್ಟರಲ್ಲಿಗೆ ಕರೆದುಕೊಂಡು ಹೋದೆ. ಅವರು, ಐವತ್ತು ದಾಟಿದವರಿಗೆ ಇಷ್ಟು ದಿನ ರಕ್ತ ಹೋಗುತ್ತಿದ್ದರೆ ಮೂಲ ಎಂದು ಸುಮ್ಮನೆ ಕೂರುವ ಹಾಗಿಲ್ಲ, ಒಳಗೆ ಕಣ್ಣಿಟ್ಟು ನೋಡಲೇಬೇಕು ಎಂದು ಚಿತ್ರದುರ್ಗಕ್ಕೆ ಚೀಟಿ ಬರೆದುಕೊಟ್ಟರು. ಅಲ್ಲಿಗೆ ಆ ಪರೀಕ್ಷೆ ಮಾಡುವ ಡಾಕ್ಟರು ವಾರಕ್ಕೊಮ್ಮೆ ಬರುತ್ತಿದ್ದರು. ಸಿಕ್ಕ ದಿನ ರಂಜಾನ್ ತಿಂಗಳ ನಡುವೆ ಬಂತು.

ಹಬ್ಬ ಕಳೆಯಲಿ, ಆಮೇಲೆ ಹೋಗೋಣ ಎಂದಳು ಖಾಲಾ. ಹಬ್ಬದ ಬಟ್ಟೆ ರಾಶಿ ಬಿದ್ದಿತ್ತು. ಬೇಡ ಎಂದವಳು ನಾನೇ. ನನಗೆ ಹೊಸದುರ್ಗದ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ ಕೆಲಸದ ಆದೇಶ ಬಂದಿತ್ತು, ಹಬ್ಬ ಮುಗಿದ ವಾರವೇ ಹಾಜರಾಗಬೇಕಿತ್ತು. ನಾನಿಲ್ಲದಿದ್ದರೆ ಇವಳನ್ನು ಯಾರು ಕರೆದುಕೊಂಡು ಹೋಗುತ್ತಾರೆ ಎಂಬ ಕಾಳಜಿ ಇತ್ತು. ಜೊತೆಗೆ, ಈ ಕೆಲಸವನ್ನೂ ನಾನೇ ಮುಗಿಸಿದೆ ಎಂದು ಅನ್ನಿಸಿಕೊಳ್ಳುವ ಆಸೆಯೂ... ಎರಡರಲ್ಲಿ ಯಾವುದು ಎಷ್ಟಿತ್ತು ಎಂದು ಈಗ ಬೇರ್ಪಡಿಸಲು ಬರುವುದಿಲ್ಲ.

ಹಿಂದಿನ ದಿನ ಪೊಟ್ಟಣ ಬಿಚ್ಚಿ ಚೀಟಿ ಓದಿದೆ. ಎಡಮಗ್ಗುಲಿಗೆ ಮಲಗಬೇಕು, ಕೊಕ್ಕು ಒಳಗೆ ಹೋಗಬೇಕು, ಸೀಸೆ ಹಿಂಡಬೇಕು, ತಡೆಯುವಷ್ಟು ಹೊತ್ತು ತಡೆದು ಆಮೇಲೆ ಹೋಗಬೇಕು. ಪರೀಕ್ಷೆಗೆ ಎರಡು ತಾಸು ಮುಂಚೆ. ಖಾಲಾ ಪೂರಾ ಕೇಳಿಸಿಕೊಂಡಳು. ಆಮೇಲೆ ಸೀಸೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದಳು.

"ಅಲ್ವೇ, ಬೆಳಗ್ಗೆಯಿಂದ ಒಂದ್ ತೊಟ್ಟು ನೀರು ಒಳಗ್ ಹೋಗ್ದಂಗೆ ಉಗುಳು ನುಂಗಾಕೂ ಹೆದರ್ಕಂಡು ಕುಂತಿರ್ತೀನಿ. ನೀನು ಹಿಂದ್ಲಿಂದ ಸೀಸೆಗಟ್ಲೆ ತುಂಬ್ತೀನಿ ಅಂತೀಯಾ?"

ಹಾಗೆ ಮಾಡಿದರೆ ಉಪವಾಸ ಮುರಿದ ಹಾಗೆ ಎಂಬುದು ಅವಳ ನಂಬಿಕೆ. ಕಾಯಿಲೆ ಇದ್ದವರು ಉಪವಾಸ ಬಿಡಬಹುದಂತಲ್ಲ, ನೀನೇ ಹೇಳಿದ್ದೆಯಲ್ಲ ಎಂದೆ.

"ಹೌದು, ಕಾಯಿಲೆ ಇದ್ದೋರು ಬಿಡ್ಬಹುದು. ನಂಗೆ ಕಾಯಿಲೆ ಐತೆ ಅಂತ ಯಾರಂದ್ರು? ಐತೋ ಇಲ್ವೋ ಅಂತ ನೋಡಾಕೇ ಅಲ್ವಾ ಹೋಗ್ತಿರಾದು? ಡಾಕ್ಟ್ರು ಐತೆ ಅನ್ಲಿ, ನಾಳೆಯಿಂದ್ಲೇ ರೋಜಾ ಬಿಡ್ತೀನಿ."

ಮೂರು ವರ್ಷ ಕಾಲೇಜಿನಲ್ಲಿ ಕೂತು ಬಂದ ನನಗೆ ಈ ಮಾತಿಗೆ ಉತ್ತರ ಹೊಳೆಯಲಿಲ್ಲ. ಇವತ್ತಿಗೂ ಸರಿಯಾಗಿ ಹೊಳೆಯುವುದಿಲ್ಲ. ಕಾಯಿಲೆ ಗೊತ್ತಾಗಬೇಕಾದರೆ ಉಪವಾಸ ಬಿಡಬೇಕು, ಉಪವಾಸ ಬಿಡಬೇಕಾದರೆ ಕಾಯಿಲೆ ಗೊತ್ತಾಗಿರಬೇಕು. ಮಸೀದಿಯಲ್ಲಿ ನಮಾಜು ಮಾಡಿಸುವ ಹಜರತ್ತರನ್ನು ಕೇಳಿ ಬಾ ಎಂದೆ. ಅದಕ್ಕವಳು ಕೆಂಪಾದಳು.

"ಹಿಂಗಿಂಗೆ, ಹಿಂದ್ಲಿಂದ ನೀರು, ಅಂತ ಹೋಗಿ ಕೇಳ್ಲಾ? ನನ್ ಕೈಯಾಗೆ ಚಡ್ಡಿ ಹೊಲಿಸ್ಕಂಡ ಹುಡ್ಗ ಅದು, ಈಗ ಗಡ್ಡ ಬಂದೈತೆ ಅಷ್ಟೇ."

ಹಾಗಾದರೆ ಕೊಳವೆ ಒಳಗೆ ಹೋಗುವುದಕ್ಕೆ ಏನು ಹೇಳುತ್ತೀ ಎಂದು ಕೇಳಿದೆ. ಅದನ್ನೂ ಅವಳೇ ತೀರ್ಮಾನ ಮಾಡಿಟ್ಟಿದ್ದಳು. ಕೊಳವೆ ಹೋಗುತ್ತದೆ, ಬರುತ್ತದೆ, ಒಳಗೆ ಏನೂ ಬಿಟ್ಟು ಬರುವುದಿಲ್ಲ. ನೀರಾದರೆ ಒಳಗೆ ಉಳಿಯುತ್ತದೆ. ಕೊನೆಗೊಂದು ಮಾತು ಸೇರಿಸಿದಳು, ಅದು ನಮ್ಮಿಬ್ಬರಿಗೂ ಸರಿ ಎನ್ನಿಸಿತು. "ಹದಿನೈದು ದಿನದಿಂದ ಉಪವಾಸ ಇದೀನಿ. ಹೊಟ್ಟೆ ಖಾಲಿನೇ ಐತೆ. ಖಾಲಿ ಪಾತ್ರೆನ ತೊಳೆಯಾದೇನೈತೆ?"

ನಿಜ ಅಲ್ಲವೇ ಎಂದುಕೊಂಡೆ. ಬೆಳಕು ಹರಿಯುವ ಮುಂಚೆ ಅವಳು ಅನ್ನ, ಖೀಮಾ, ಮೊಸರು ಎಲ್ಲ ಉಂಡಿರುತ್ತಾಳೆ, ಇಡೀ ದಿನಕ್ಕೆ ಆಗುವಷ್ಟು, ಎಂಬುದು ಗೋಡೆಯ ಈಚೆ ಮಲಗಿದ ನನಗೆ ಗೊತ್ತಿತ್ತು. ಪಾತ್ರೆಯ ಸದ್ದು ದಿನಾ ಕೇಳುತ್ತಿತ್ತು. ಗೊತ್ತಿದ್ದದ್ದು ಆ ಹೊತ್ತಿಗೆ ತಲೆಗೆ ಬರಲಿಲ್ಲ. ಪೊಟ್ಟಣ ಹಾಗೇ ಅವಳ ಹೊಲಿಗೆ ಡಬ್ಬಿಯೊಳಗೆ ಹೋಯಿತು.

ಬೆಳಗ್ಗೆ ಬಸ್ಸಿನಲ್ಲಿ ಹೋದೆವು. ದುರ್ಗ ಹತ್ತಿರವಾದಂತೆ ಜೋಗಿಮಟ್ಟಿ ಕಡೆ ಗುಡ್ಡದ ಮೇಲಿನ ಗಾಳಿಯಂತ್ರಗಳು ಕಾಣಿಸಿದವು. ಅವುಗಳಲ್ಲಿ ಒಂದು ಮಾತ್ರ ತಿರುಗುತ್ತಿರಲಿಲ್ಲ. "ಅದೂ ರೋಜಾ ಇರ್ಬೇಕು" ಅಂದಳು ಖಾಲಾ. ಇಬ್ಬರೂ ನಕ್ಕೆವು.

ಆಸ್ಪತ್ರೆಯಲ್ಲಿ ನರ್ಸಮ್ಮ ಒಂದು ಕಾಗದ ಹಿಡಿದು ಬಂದು ಕೇಳತೊಡಗಿದಳು. ಸಕ್ಕರೆ ಕಾಯಿಲೆ ಇದೆಯಾ, ರಕ್ತ ತೆಳುವಾಗುವ ಮಾತ್ರೆ ತಗೊಳ್ತೀರಾ, ಎನಿಮಾ ಆಗಿದೆಯಾ. ಕೊನೆಯ ಪ್ರಶ್ನೆಗೆ ಖಾಲಾ ನನ್ನ ಕಡೆ ತಿರುಗಿ, ಸೆರಗಿನ ಮರೆಯಲ್ಲಿ, "ನೀನೇ ಹೇಳು. ರೋಜಾ ಬಾಯಾಗೆ ಸುಳ್ಳು ಬರಬಾರ್ದು" ಎಂದು ಪಿಸುಗುಟ್ಟಿದಳು.

ಆಗಿದೆ ಎಂದೆ. ಕಾಗದ ಈಸಿಕೊಂಡು ಆ ಕಡೆಯ ಚೌಕದಲ್ಲಿ ನಾನೇ ಗುರುತು ಹಾಕಿದೆ, ಕೆಳಗೆ ನಾನೇ ಸಹಿ ಮಾಡಿದೆ. ಸಹಿ ಚೆನ್ನಾಗಿ ಬಂದಿತ್ತು.

ಖಾಲಾ ನನ್ನ ಕೈ ಬಿಡದ ಕಾರಣ ನನ್ನನ್ನೂ ಒಳಗೆ ಬಿಟ್ಟರು. ಮಂಚದ ತಲೆಯ ಕಡೆ ನಿಂತಿದ್ದೆ. ಅವಳು ಎಡಮಗ್ಗುಲಿಗೆ ಮಂಡಿ ಮಡಿಸಿಕೊಂಡು ಮಲಗಿದ್ದಳು, ಕಣ್ಣು ಮುಚ್ಚಿದ್ದಳು, ತುಟಿ ಅಲ್ಲಾಡುತ್ತಿತ್ತು. ಮಂಪರು ಬರುವ ಮದ್ದು ಏನೂ ಕೊಡಲಿಲ್ಲ. ಕೊಳವೆ ಬೆರಳು ದಪ್ಪದ್ದು, ಕಪ್ಪು. ಟಿ.ವಿ.ಯಂಥ ಪರದೆಯ ಮೇಲೆ ಮೊದಲು ತಿಳಿಗೆಂಪು ಕಾಣಿಸಿತು, ಒದ್ದೆಯಾಗಿ ಹೊಳೆಯುವ ಗೋಡೆ. ಆಮೇಲೆ ಎಲ್ಲ ಕಂದು ಮಸುಕು. ಡಾಕ್ಟರು ನೀರು ಬಿಟ್ಟರು, ಗಾಳಿ ಬಿಟ್ಟರು, ಹೀರಿ ತೆಗೆಯಲು ನೋಡಿದರು. ಖಾಲಾ, "ಅರೆ, ಹೊಟ್ಟೆ ಉಬ್ತೈತ್ರಿ" ಅಂದಳು. "ಸ್ವಲ್ಪ ತಡ್ಕಳಮ್ಮ" ಎಂದು ಡಾಕ್ಟರು ನರ್ಸಿನ ಕಡೆ ನೋಡಿದರು. "ಎನಿಮಾ ಆಗಿಲ್ವೇನ್ರಿ ಇವರಿಗೆ?"

ನರ್ಸಮ್ಮ ನನ್ನ ಕಡೆ ನೋಡಿದಳು. ನಾನು, "ಆಗೈತೆ ಸಾರ್" ಅಂದೆ. ಆ ಹೊತ್ತಿಗೆ ಒಂದು ಮಾತು ನಿಜ ಹೇಳಿದ್ದರೆ ಸಾಕಿತ್ತು. ಹೊರಗೆ ಕಳಿಸಿ, ಅಲ್ಲೇ ಎನಿಮಾ ಕೊಟ್ಟು, ಮತ್ತೆ ನೋಡುತ್ತಿದ್ದರೇನೋ. ಅಥವಾ ಖಾಲಾ ಒಪ್ಪದೆ ಎದ್ದು ಬರುತ್ತಿದ್ದಳೇನೋ... ತಿಳಿಯದು.

ಹತ್ತು ನಿಮಿಷವೂ ಆಗಿರಲಿಕ್ಕಿಲ್ಲ, ಕೊಳವೆ ಹೊರಗೆ ಬಂತು. ಡಾಕ್ಟರು ಕೈಗವಸು ತೆಗೆಯುತ್ತ, ಜೊತೆಗೆ ಯಾರಿದ್ದೀರಿ ಎಂದರು. "ನಾನು ಸಾರ್. ಬಿ.ಎ. ಮಾಡೀನಿ" ಅಂದೆ. ಬಿ.ಎ. ವಿಷಯವನ್ನು ಅವರೇನೂ ಕೇಳಿರಲಿಲ್ಲ. ಅವರು ಒಂದು ಕ್ಷಣ ನೋಡಿ ಇಂಗ್ಲಿಷಿಗೆ ಹೊರಳಿದರು. ಒಳ್ಳೆಯ ಮನುಷ್ಯರು, ನನ್ನನ್ನು ತಮ್ಮ ಸಮಕ್ಕೆ ತಂದುಕೊಂಡು ಮಾತಾಡುತ್ತಿರುವುದಾಗಿ ಅವರಿಗೆ ಅನ್ನಿಸಿರಬೇಕು. ನಾನು ತಲೆ ಆಡಿಸುತ್ತ ಹೋದೆ. ಪೈಲ್ಸ್ ಎಂದರು, ಅದು ತಿಳಿಯಿತು. ಎರಡು ವಾರ ಎಂದರು. ಚಿಂತೆ ಬೇಡ ಎಂದರೋ, ಚಿಂತೆ ಬೇಡ ಎಂದು ಈಗಲೇ ಹೇಳಲಾರೆ ಎಂದರೋ... ಎರಡರಲ್ಲೂ ಬರುವ ಮಾತು ಒಂದೇ ಥರ ಕೇಳಿಸಿತು. ಇನ್ನೊಂದು ಸಲ ಹೇಳಿ ಎನ್ನಲು ಬಾಯಿ ಬರಲಿಲ್ಲ. ಮುಂದಿನವರನ್ನು ಕರೆದರು.

ರಿಪೋರ್ಟನ್ನೂ ಮೂಲದ ಮಾತ್ರೆಯನ್ನೂ ಕೈಗೆ ಕೊಡುವಾಗ ನರ್ಸಮ್ಮ, "ಎಲ್ಲಾ ಅದ್ರಾಗೆ ಬರ್ದಾರೆ, ಓದ್ಕಳ್ರಿ" ಅಂದಳು. ಹೊರಗೆ ಬೆಂಚಿನ ಮೇಲೆ ಕೂತು ಓದಿದೆ. ಒಳಮೂಲ ಇದೆ ಎಂದು ಟೈಪು ಮಾಡಿತ್ತು. ಅದರ ಕೆಳಗೆ ಕೈಬರಹದಲ್ಲಿ ಎರಡು ಸಾಲು. ಕರುಳು ಸರಿಯಾಗಿ ತೊಳೆದಿರದ ಕಾರಣ ಮುಂದಿನ ಭಾಗ ಕಾಣಲಿಲ್ಲ. ರಕ್ತ ಮೂಲದಿಂದಲೇ ಬರುತ್ತಿದೆ ಎಂದು ಹೇಳಲಾಗದು, ತೊಳೆದುಕೊಂಡು ಎರಡು ವಾರದೊಳಗೆ ಮತ್ತೆ ಬರಬೇಕು.

ಆ ಎರಡು ಸಾಲನ್ನು ನಾನು ಓದಿದೆ. ಇದು ಖಚಿತ. ಅರ್ಥವೂ ಆಯಿತು. ಇದೂ ಖಚಿತ. ಖಾಲಾಗೆ ಹೇಳಿದೆನೇ ಎಂಬುದು ಮಾತ್ರ ನನಗೆ ಗೊತ್ತಿಲ್ಲ.

ಹೇಳಿದೆ ಎಂದು ಒಂದು ನೆನಪಿದೆ. ಬಸ್ ನಿಲ್ದಾಣದಲ್ಲಿ, ಹಣ್ಣಿನ ಗಾಡಿಯ ಪಕ್ಕ. ನಾನು ಕಾಗದ ಬಿಡಿಸಿ ಹಿಡಿದಿದ್ದೇನೆ. ಅವಳು, "ಆತು ಬಿಡು, ಹಬ್ಬ ಕಳೀಲಿ" ಎಂದು ಸಂಜೆ ಉಪವಾಸ ಬಿಡಲು ಕಲ್ಲಂಗಡಿ ಒತ್ತಿ ಒತ್ತಿ ನೋಡುತ್ತಿದ್ದಾಳೆ. ಇನ್ನೊಂದು ನೆನಪೂ ಇದೆ. ಅದರಲ್ಲಿ ಬಸ್ಸಿನೊಳಗೆ ಕೂತಿದ್ದೇವೆ, "ಏನಂತೆ ಡಿಗ್ರಿ?" ಎಂದು ಕೇಳುತ್ತಾಳೆ, "ಮೂಲ ಅಂತೆ ಖಾಲಾ, ಅಷ್ಟೇ" ಎನ್ನುತ್ತೇನೆ. ಅವಳು ದೊಡ್ಡ ಉಸಿರು ಬಿಟ್ಟು, ನನ್ನ ಹೆಗಲಿಗೆ ತಲೆಯಿಟ್ಟು, ಚಿತ್ರಹಳ್ಳಿ ಗೇಟು ದಾಟುವಷ್ಟರಲ್ಲಿ ನಿದ್ದೆ ಹೋಗುತ್ತಾಳೆ. ಎರಡೂ ಒಂದೇ ಸಮ ಕಣ್ಣಿಗೆ ಕಟ್ಟಿದಂತಿವೆ. ಕಲ್ಲಂಗಡಿ ತಂದದ್ದು ಹೌದೇ ಎಂದು ಅವ್ವನನ್ನು ಒಮ್ಮೆ ಕೇಳಿದೆ. "ರಂಜಾನಾಗೆ ದಿನಾ ತರ್ತಿದ್ಲಲ್ಲ" ಅಂದಳು.

ಯಾಕೆ ಹೇಳದೆ ಇದ್ದಿರಬಹುದು ಎಂಬುದು ಗೊತ್ತಿದೆ. ಹೇಳಿದರೆ, ನಾನು ಚೌಕದಲ್ಲಿ ಹಾಕಿದ ಗುರುತೇ ಆ ದಿನವನ್ನು ಹಾಳು ಮಾಡಿತು ಎಂದು ಒಪ್ಪಿಕೊಳ್ಳಬೇಕಿತ್ತು. ಬೀದಿಗೆಲ್ಲ ಓದಿ ಹೇಳುವವಳು ಇಷ್ಟು ಸಣ್ಣದರಲ್ಲಿ ತಪ್ಪಿದಳು ಎಂದಾಗುತ್ತಿತ್ತು. ಆ ವಯಸ್ಸಿಗೆ ನನಗೆ ಅದು ಸಣ್ಣ ವಿಷಯವಾಗಿರಲಿಲ್ಲ.

ಸಂಜೆ ಖಾಲಾ ಗೋಡೆಯಾಚೆಯಿಂದ ಸಮೋಸ ಕಳಿಸಿದಳು. ಬಂದವರಿಗೆಲ್ಲ, "ನಮ್ ಡಿಗ್ರಿ ಓದಿ ಹೇಳಿದ್ಲು, ಬರೀ ಮೂಲ ಅಂತೆ" ಎಂದು ಹೇಳುತ್ತಿದ್ದದ್ದು ಈಚೆ ಕೇಳಿಸುತ್ತಿತ್ತು. ಅಷ್ಟನ್ನೇ ಹೇಳಿದ್ದೆನೋ, ಅಥವಾ ಬೀದಿಯವರಿಗೆ ಅವಳು ಅಷ್ಟನ್ನೇ ಹೇಳಿದಳೋ.

ಹಬ್ಬವಾಯಿತು. ನನ್ನ ಮೊದಲ ದಿನದ ಕೆಲಸಕ್ಕೆ ಎಂದು ತಿಳಿನೀಲಿ ರವಿಕೆ ಹೊಲಿದುಕೊಟ್ಟಳು. ಹೊಸದುರ್ಗದಲ್ಲಿ ಕೋಣೆ ಹಿಡಿದೆ. ಮೊದಮೊದಲು ಪ್ರತಿ ಭಾನುವಾರ ಊರಿಗೆ ಬರುತ್ತಿದ್ದೆ, ಆಮೇಲೆ ತಿಂಗಳಿಗೊಮ್ಮೆ. ಬಂದಾಗ, ಹೇಗಿದೆ ಖಾಲಾ ಎಂದು ಕೇಳಿದರೆ, "ಅದಾ? ಬರ್ತೈತೆ, ಹೋಗ್ತೈತೆ. ಮಾತ್ರೆ ಕೊಟ್ಟಾರಲ್ಲ" ಅನ್ನುವಳು. ಮುಖ ಇಳಿದಿತ್ತು. ರವಿಕೆಯ ತೋಳು ಅವಳಿಗೇ ಸಡಿಲವಾಗಿತ್ತು. ಇನ್ನೊಂದು ಸಲ ದುರ್ಗಕ್ಕೆ ಹೋಗೋಣ ಎಂದು ಆಗ ನಾನು ಹೇಳಲಿಲ್ಲ. ಇದು ಖಚಿತ. ಕಚೇರಿ, ಸಂಬಳ, ಅಪ್ಪನಿಗೆ ಮೂಟೆ ಬಿಡಿಸುವುದು, ತಮ್ಮನ ಓದು... ತಲೆಯೊಳಗೆ ಎಲ್ಲ ಇತ್ತು. ಎರಡು ಸಾಲೂ ಎಲ್ಲೋ ಇದ್ದಿರಬೇಕು.

ಮುಂದಿನ ರಂಜಾನಿಗೆ ಮುಂಚೆಯೇ ಅವಳಿಗೆ ತೀರಾ ಆಗದೆ ಮಗಳು ದಾವಣಗೆರೆಯ ಆಸ್ಪತ್ರೆಗೆ ಸೇರಿಸಿದಳು. ಕರುಳಿನಲ್ಲಿ ಗಡ್ಡೆ. ಅದು ಆಗಲೇ ಪಿತ್ತಜನಕಾಂಗಕ್ಕೂ ಹಬ್ಬಿತ್ತು. ಹಿಂದಿನ ವರ್ಷ ಆ ಕಂದು ಮಸುಕಿನ ಹಿಂದೆ ಅದು ಇತ್ತೇ, ಇದ್ದರೆ ಎಷ್ಟಿತ್ತು, ಎರಡು ವಾರಕ್ಕೆ ಮತ್ತೆ ಹೋಗಿದ್ದರೆ ಉಳಿಯುತ್ತಿದ್ದಳೇ... ನಾನು ಯಾರನ್ನೂ ಕೇಳಲಿಲ್ಲ.

ಮನೆಗೆ ಕರೆತಂದ ಮೇಲೆ ನೋಡಲು ಹೋದೆ. ಮಿಷನ್ನಿಗೆ ಬಟ್ಟೆ ಮುಚ್ಚಿತ್ತು. ಉಪವಾಸದ ತಿಂಗಳು ನಡೆಯುತ್ತಿತ್ತು, ಅವಳ ಪಕ್ಕದಲ್ಲಿ ಹಗಲು ಹೊತ್ತಿನಲ್ಲಿ ಗಂಜಿ ಲೋಟ. ನಾನು ಅದನ್ನು ನೋಡಿದ್ದನ್ನು ಅವಳು ನೋಡಿದಳು.

"ಡಾಕ್ಟ್ರು ಅಂದ್ರಲ್ಲೇ ಕಾಯಿಲೆ ಐತೆ ಅಂತ. ಬಿಟ್ಟೀನಿ ನೋಡು, ಹೇಳಿದಂಗೆ."

ನಕ್ಕಳು. ನನಗೆ ನಗು ಬರಲಿಲ್ಲ. ಕೇಳಬೇಕಾಗಿದ್ದದ್ದು ಆಗ. ಖಾಲಾ, ಆ ದಿನ ನಿನಗೆ ಹೇಳಿದೆನಾ? ಅಷ್ಟೇ ಮಾತು. ಕೇಳಲಿಲ್ಲ. ಹತ್ತು ದಿನಕ್ಕೆ ಹೋಗಿಬಿಟ್ಟಳು. ಮಣ್ಣಿಗೆ ಬಂದ ಜನದ ನಡುವೆ ಬೀದಿಯಲ್ಲಿ ನಿಂತಿದ್ದು, ಮಗಳ ಮುಖ ನೋಡದೆ ಹೊಸದುರ್ಗದ ಬಸ್ಸು ಹತ್ತಿದೆ. ಆಮೇಲೆ ಅವಳ ಮುಖ ತಪ್ಪಿಸುತ್ತಲೇ ಬಂದೆ. ಖಾಲಾಳ ಕಾಗದಪತ್ರವೆಲ್ಲ ಹಿರಿಯೂರಿಗೆ ಹೋಗಿತ್ತು. ಆ ಎರಡು ಸಾಲನ್ನು ಯಾರಾದರೂ ಅವಳಿಗೆ ಓದಿ ಹೇಳಿರುತ್ತಾರೆ ಎಂಬ ಭಯ.

ಕಳೆದ ತಿಂಗಳು ನನ್ನ ಪರೀಕ್ಷೆ ಮುಗಿಯಿತು. ಚೀಟಿಯಲ್ಲಿ ಹೇಳಿದಂತೆಯೇ ಎಲ್ಲ ಮಾಡಿಕೊಂಡು ಹೋಗಿದ್ದೆ. ಕಾಲು ಗಂಟೆಯ ಕೆಲಸ. ಹೊಟ್ಟೆ ಉಬ್ಬರಿಸಿತು, ಒಮ್ಮೆ ಹಿಂಡಿದಂತಾಯಿತು, ಅಷ್ಟೇ. ಎಳೆ ವಯಸ್ಸಿನ ಡಾಕ್ಟರು ಇಂಗ್ಲಿಷಿನಲ್ಲಿ ಶುರು ಮಾಡಿದರು. ಕೈ ಎತ್ತಿ ತಡೆದೆ. "ನಂಗೆ ಇಂಗ್ಲಿಷ್ ಅಷ್ಟಾಗಿ ಬರಲ್ಲ. ಕನ್ನಡದಾಗೆ ಹೇಳ್ರಿ" ಅಂದೆ. ಈ ಮಾತು ಹೇಳಲು ನನಗೆ ಇಷ್ಟು ವರ್ಷ ಹಿಡಿಯಿತು. ಅವರು ನಿಧಾನವಾಗಿ ಹೇಳಿದರು. ಮೂಲ ಇದೆ. ಒಂದು ಸಣ್ಣ ಗಂಟೂ ಕಂಡಿತ್ತು, ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ. ಎರಡು ಸಲ ಕೇಳಿ ತಿಳಿದುಕೊಂಡೆ. ಆಮೇಲೆ ನನ್ನದಲ್ಲದ ಇನ್ನೊಂದು ಪ್ರಶ್ನೆಯನ್ನೂ ಕೇಳಿದೆ. ಹೊರಗೆ ಬಂದವಳು ಹೊಸದುರ್ಗದ ಬಸ್ಸು ಬಿಟ್ಟು ಹಿರಿಯೂರಿನದು ಹತ್ತಿದೆ.

ಖಾಲಾಳ ಮಗಳು ಬಾಗಿಲಲ್ಲಿ ನನ್ನನ್ನು ನೋಡಿ ಒಂದು ಕ್ಷಣ ಗುರುತು ಹಿಡಿಯಲಿಲ್ಲ. ಹಿಡಿದ ಮೇಲೆ, "ಏನೇ, ಹೊಳಲ್ಕೆರೆಯಾಗೆ ರಸ್ತೆ ಎಲ್ಲ ಮುಚ್ಚಿದ್ರಾ ಇಷ್ಟ್ ವರ್ಷ? ಬಾ, ಕುಂತ್ಕ" ಅಂದಳು. ತಾಯಿಯದೇ ಗಂಟಲು. ಕೂತು, ನೀರು ಕುಡಿದು, ಎಲ್ಲ ಹೇಳಿದೆ. ಸೀಸೆ, ಗುರುತು, ಡಾಕ್ಟರ ಮುಂದಿನ ಸುಳ್ಳು, ಆ ಎರಡು ಸಾಲು. ಹೇಳಿದೆನೋ ಇಲ್ಲವೋ ಗೊತ್ತಿಲ್ಲ ಎಂಬುದನ್ನೂ ಹೇಳಿದೆ.

ಅವಳಿಗೆ ಆಶ್ಚರ್ಯವೇ ಆಗಲಿಲ್ಲ.

"ಅಮ್ಮಿಗೆ ಗೊತ್ತಿತ್ತಲ್ಲೇ. ದಾವಣಗೆರೆಯಾಗೆ ಡಾಕ್ಟ್ರು ಆ ಹಳೇ ರಿಪೋರ್ಟು ನೋಡಿ, ಆಗ್ಲೇ ಮತ್ತೆ ಬರ್ರಿ ಅಂತ ಬರ್ದಾರಲ್ಲಮ್ಮ ಅಂದ್ರು. ನಂಗೆ ಮೈಯೆಲ್ಲ ಉರೀತು. ಓದ್ದೋಳು ಜೊತೆಗಿದ್ಲಲ್ಲ, ಏನ್ ಕಿಸಿದ್ಲು, ಹೊಸದುರ್ಗಕ್ಕೇ ಹೋಗಿ ಜುಟ್ಟು ಹಿಡೀತೀನಿ ಅಂತ ಎದ್ದೆ. ಅಮ್ಮಿ ಕೈ ಹಿಡ್ಕಂಡ್ಲು. ಡಿಗ್ರಿ ಪೂರಾ ಓದಿ ಹೇಳಿದ್ಲು, ನಾನೇ ಹೋಗ್ಲಿಲ್ಲ, ಅವ್ಳನ್ನೇನಾದ್ರೂ ಅಂದ್ರೆ ನೋಡು, ಅಂದ್ಲು."

ಹಾಗಾದರೆ ಹೇಳಿದ್ದೆ. ಕಲ್ಲಂಗಡಿಯ ಪಕ್ಕ ನಿಂತು ಹೇಳಿದ್ದು ನಿಜ. ಹದಿನೈದು ವರ್ಷ ಸುಮ್ಮನೆ ಹೊತ್ತು ತಿರುಗಿದೆ. ಹಾಗೆ ಅನ್ನಿಸಿ ಎದೆ ಹಗುರಾಗುವ ಹೊತ್ತಿಗೇ ಅನ್ನಿಸಿತು, ಮಗಳು ಜಗಳಕ್ಕೆ ಎದ್ದು ನಿಂತ ಗಳಿಗೆಯಲ್ಲಿ ಖಾಲಾ ಆ ಮಾತು ಆಡಿದ್ದಾಳೆ. ನನ್ನನ್ನು ಉಳಿಸಲು ಆಡಿದ್ದರೆ?

"ಯಾಕೆ? ಹೇಳಿರ್ಲಿಲ್ವಾ ನೀನು?" ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ಗೊತ್ತಿಲ್ಲ ಕಣೇ."

ಆಮೇಲೆ ಲೋಟ ಎತ್ತಿಕೊಂಡು ಎದ್ದಳು. "ಅಮ್ಮಿ ಹೇಳಿದ್ದೇ ಇರ್ಲಿ ಬಿಡು" ಅಂದಳು. ನನ್ನನ್ನು ಕ್ಷಮಿಸಿ ಹಾಗಂದಳೋ, ಬೇಸತ್ತು ಹಾಗಂದಳೋ, ಅದೂ ನನಗೆ ತಿಳಿಯಲಿಲ್ಲ.

ಹೊರಡುವ ಮುಂಚೆ ಅವಳನ್ನು ಎದುರು ಕೂರಿಸಿಕೊಂಡು, ದುರ್ಗದ ಡಾಕ್ಟರನ್ನು ನಾನು ಕೇಳಿ ತಿಳಿದುಕೊಂಡಿದ್ದ ಮಾತನ್ನು ಹೇಳಿದೆ. ತಾಯಿಗೆ ಈ ಕಾಯಿಲೆ ಬಂದಿದ್ದರೆ ಮಗಳು ರಕ್ತ ಕಾಣುವವರೆಗೆ ಕಾಯಬಾರದು, ಒಮ್ಮೆ ಕರುಳು ತೋರಿಸಿಕೊಳ್ಳಬೇಕು, ಹೋಗುವಾಗ ಅವರು ಹೇಳಿದಂತೆ ಪೂರಾ ತೊಳೆದುಕೊಂಡೇ ಹೋಗಬೇಕು. ಅವಳ ಬಾಯಿಂದಲೇ ತಿರುಗಿ ಹೇಳಿಸಿದೆ. "ಆತು ಮಾರಾಯ್ತಿ, ತೋರಿಸ್ಕಬೇಕು, ತೊಳ್ಕಬೇಕು, ಸಾಕಾ? ಬಾಯಿಪಾಠ ಒಪ್ಪಿಸ್ದಂಗಾತು" ಎಂದು ರೇಗಿದಳು. ಕನ್ನಡದಲ್ಲಿ ಬರೆದೂ ಕೊಟ್ಟೆ. ಅವಳು ಓದಬಲ್ಲಳು, ಏಳನೆಯವರೆಗೆ ನನ್ನ ಪಕ್ಕದಲ್ಲೇ ಕೂತವಳು.

ಖಾಲಾಗೆ ಬರೆದು ಕೊಟ್ಟಿದ್ದರೂ ಉಪಯೋಗವಿರಲಿಲ್ಲ. ಒಂದಕ್ಷರ ಬರುತ್ತಿರಲಿಲ್ಲ. ಅವಳಿಗಿದ್ದದ್ದು ನನ್ನ ಬಾಯಿ ಒಂದೇ. ಆ ದಿನ ಆ ಬಾಯಿ ಏನು ಹೇಳಿತು ಎಂದು ತಿಳಿದಿದ್ದವಳು ಅವಳೊಬ್ಬಳೇ, ಅವಳಿಲ್ಲ.